ಬೀಗದ ಭಾರಕ್ಕೆ ಬಾಗಿದ ಸೇತುವೆ

ಪ್ಯಾರಿಸ್ಸಿನ ಸೇನ್ ನದಿಯ ಮೇಲೆ, ಲೂವ್ರ್ ವಸ್ತುಸಂಗ್ರಹಾಲಯದ ಎದುರಿಗಿರುವ ಕಾಲುಸೇತುವೆ ಪೋಂ ದೆಜಾರ್. ಇಲ್ಲಿ ವಾಹನಗಳಿಗೆ ಪ್ರವೇಶವಿಲ್ಲ.

2008ರ ಸುಮಾರಿಗೆ ಪ್ರೇಮಿಗಳು ಇದರ ತಂತಿ ಜಾಲರಿಗೆ ಬೀಗ ಜಡಿಯತೊಡಗಿದರು. ಪುಟ್ಟ ಹಿತ್ತಾಳೆ ಬೀಗದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಇಬ್ಬರ ಹೆಸರಿನ ಮೊದಲಕ್ಷರ, ಕೆಳಗೆ ತಾರೀಖು; ಕೀಲಿಕೈ ಮಾತ್ರ ನದಿಪಾಲು! ಜಾಲರಿಯಲ್ಲಿ ಜಾಗ ಸಾಲದಾದಾಗ ಬೀಗಕ್ಕೇ ಬೀಗ ಸಿಕ್ಕಿಸಿದರು. ಒಂದೊಂದೂ ಹಗುರವೇ. ಆದರೆ ಎಲ್ಲವೂ ಸೇರಿದ ಭಾರಕ್ಕೆ 2014ರ ಜೂನ್‌ನಲ್ಲಿ ಸೇತುವೆಯ ಕಟಕಟೆಯ ಒಂದು ಭಾಗ ಕುಸಿದೇಬಿಟ್ಟಿತು.

ಮರುವರ್ಷ ನಗರಾಡಳಿತ ಸುಮಾರು 45 ಟನ್ ಬೀಗಗಳನ್ನು ಜಾಲರಿ ಸಮೇತ ಕಳಚಿತು. ಈಗ ಅಲ್ಲಿರುವುದು ಗಾಜಿನ ಹಲಗೆ. ಬೀಗ ಸಿಕ್ಕಿಸಲು ಸಂದಿಯೇ ಇಲ್ಲ. ಕಳಚಿದ ಬೀಗಗಳಲ್ಲಿ ಕೆಲವನ್ನು 2017ರಲ್ಲಿ ಹರಾಜು ಹಾಕಿ, ಬಂದ ಹಣವನ್ನು ನಿರಾಶ್ರಿತರ ನೆರವಿಗೆ ಕೊಡಲಾಯಿತು.