ದೋಣಿ ಕಟ್ಟಿಕೊಂಡು ಗಾಳಿಗೆ ಸವಾಲು ಹಾಕಿದ ವಿಮಾನಗಳು

ಭಾಗ 1

ಒಂದು ಪ್ರಶ್ನೆ ಕೇಳ್ತೀನಿ, ಗೂಗಲ್ ಮಾಡದೆ ಹೇಳಿ. 1930ರ ಸುಮಾರಿಗೆ ಇಡೀ ಪ್ರಪಂಚದಲ್ಲಿ ಎಲ್ಲಕ್ಕಿಂತ ಜೋರಾಗಿ ಹಾರ್ತಿದ್ದ ವಿಮಾನ ಯಾವ ಥರದ್ದು? ಯುದ್ಧವಿಮಾನ ಅಂತೀರಾ? ಅಲ್ಲ. ಮೊದಲ ಫೋಟೋ ನೋಡಿ. ಹೊಟ್ಟೆ ಕೆಳಗೆ ದೋಣಿಯಂಥ ಎರಡು ಫ್ಲೋಟ್ ಕಟ್ಟಿಕೊಂಡು ನೀರಿನ ಮೇಲೆ ಕೂತಿದೆಯಲ್ಲ, ಅದು. 1927ರಿಂದ 1939ರವರೆಗೆ ವಿಮಾನವೇಗದ ವಿಶ್ವದಾಖಲೆ ಇಂಥ ಸೀಪ್ಲೇನ್‌ಗಳ ಕೈಯಲ್ಲೇ ಇತ್ತು.

ವಿಚಿತ್ರ ಅನ್ಸಲ್ವಾ? ಅಷ್ಟು ದಪ್ಪ ಫ್ಲೋಟ್‌ಗಳು ಗಾಳಿಯನ್ನ ಎಷ್ಟು ತಡೀತವೆ! ಚಕ್ರದ ವಿಮಾನವೇ ಮುಂದೆ ಇರಬೇಕಿತ್ತಲ್ಲ?

ಉತ್ತರ ರೆಕ್ಕೆಯಲ್ಲಿದೆ. ವೇಗ ಬೇಕು ಅಂದ್ರೆ ರೆಕ್ಕೆ ಚಿಕ್ಕದಿರಬೇಕು. ಆದರೆ ಚಿಕ್ಕ ರೆಕ್ಕೆಯ ವಿಮಾನ ಮೇಲೇಳಬೇಕಾದ್ರೆ ತುಂಬಾ ದೂರ ಓಡಬೇಕು, ಇಳಿಯುವಾಗಲೂ ಜೋರಾಗೇ ಇಳೀಬೇಕು. ಪ್ರೊಪೆಲ್ಲರ್‌ನ ಅಲಗುಗಳ ಕೋನವನ್ನೂ ಆಗ ಹಾರುವಾಗ ಬದಲಾಯಿಸೋಕೆ ಆಗ್ತಿರಲಿಲ್ಲ. ಪೂರ್ತಿ ವೇಗಕ್ಕೆ ಹೊಂದುವ ಪ್ರೊಪೆಲ್ಲರ್ ಹಾಕಿದ್ರೆ ಹೊರಡುವಾಗ ಅದು ಸರಿಯಾಗಿ ಎಳೀತಿರಲಿಲ್ಲ. ಆ ಕಾಲದ ವಿಮಾನ ನಿಲ್ದಾಣ ಅಂದ್ರೆ ಬಹುಪಾಲು ಹುಲ್ಲಿನ ಮೈದಾನ. ಅಲ್ಲಿ ಅಷ್ಟು ಓಡೋಕೆ ಜಾಗ ಎಲ್ಲಿ? ಸಮುದ್ರದಲ್ಲಾದ್ರೆ ಎಷ್ಟು ಕಿಲೋಮೀಟರ್ ಬೇಕಾದ್ರೂ ಓಡಿ, ಕೇಳೋರಿಲ್ಲ. ಫ್ಲೋಟ್‌ನಿಂದ ಆಗೋ ನಷ್ಟಕ್ಕಿಂತ ಚಿಕ್ಕ ರೆಕ್ಕೆಯಿಂದ ಆಗೋ ಲಾಭ ಜಾಸ್ತಿ. ನಮ್ಮ ಬಿಕಾಂ ಭಾಷೆಯಲ್ಲೇ ಹೇಳಿದ್ದೀನಿ ನೋಡಿ.

ಭಾಗ 2

ಇದೆಲ್ಲ ಶುರುವಾಗಿದ್ದು ಒಂದು ಕಪ್‌ನಿಂದ. ಜಾಕ್ ಷ್ನೈಡರ್ ಅಂತ ಒಬ್ಬ ಫ್ರೆಂಚ್ ಶ್ರೀಮಂತ 1912ರಲ್ಲಿ ಸೀಪ್ಲೇನ್ ರೇಸ್‌ಗೆ ಒಂದು ಟ್ರೋಫಿ ಘೋಷಿಸಿದ. ಐದು ವರ್ಷದೊಳಗೆ ಮೂರು ಸಲ ಗೆದ್ದ ದೇಶಕ್ಕೆ ಟ್ರೋಫಿ ಶಾಶ್ವತ. ಪಾಪ, ಅವನ ಕನಸಿದ್ದದ್ದು ಜನರನ್ನ ಹೊತ್ತು ಸಮುದ್ರ ದಾಟುವ, ನಂಬಿಕೆಗೆ ಯೋಗ್ಯವಾದ ವಿಮಾನ. ಆಗಿದ್ದೇ ಬೇರೆ. 1920ರ ದಶಕದ ಹೊತ್ತಿಗೆ ಅದು ಅಮೆರಿಕ, ಇಟಲಿ, ಬ್ರಿಟನ್ ಸರ್ಕಾರಗಳ ಪ್ರತಿಷ್ಠೆಯ ಜಗಳ. ವಿಮಾನದಲ್ಲಿ ಒಬ್ಬ ಪೈಲಟ್, ಒಂದು ದೈತ್ಯ ಎಂಜಿನ್, ಅಷ್ಟೆ.

ಬ್ರಿಟನ್ ಪರವಾಗಿ ವಿನ್ಯಾಸ ಮಾಡ್ತಿದ್ದವನು ಸೂಪರ್‌ಮರೀನ್ ಕಂಪನಿಯ ಆರ್.ಜೆ. ಮಿಚೆಲ್. 1925ಕ್ಕೆ ಅವನು ಎಸ್.4 ಅಂತ ಒಂದು ವಿಮಾನ ಮಾಡಿದ. ರೆಕ್ಕೆಗೆ ಒಂದೇ ಒಂದು ತಂತಿಯ ಆಧಾರ ಇಲ್ಲ, ಪೂರಾ ನುಣುಪು. ಎರಡನೇ ಫೋಟೋ ಅದೇ. ನನ್ನ ಕೇಳಿದ್ರೆ ಇಡೀ ಕಥೆಯಲ್ಲಿ ಅತಿ ಸುಂದರವಾದದ್ದು ಅದು. ಬಾಲ್ಟಿಮೋರ್‌ನಲ್ಲಿ ರೇಸ್‌ಗೂ ಮುಂಚೆಯೇ ನೀರಿಗೆ ಬಿತ್ತು. ಪೈಲಟ್ ಹೆನ್ರಿ ಬಿಯಾರ್ಡ್ ಬದುಕಿಕೊಂಡ. ರೇಸ್ ಗೆದ್ದದ್ದು ಅಮೆರಿಕದ ಜಿಮ್ಮಿ ಡೂಲಿಟಲ್, ಅದೂ ತಂತಿ ಬಿಗಿದ ಎರಡು ಜೊತೆ ರೆಕ್ಕೆಯ ಕರ್ಟಿಸ್‌ನಲ್ಲಿ.

ಮಿಚೆಲ್ ಮುಂದೆ ಏನು ಮಾಡಿದ ಗೊತ್ತಾ? ಮುಂದಿನ ವಿಮಾನ ಎಸ್.5ಕ್ಕೆ ಮತ್ತೆ ತಂತಿ ಬಿಗಿದ. ನೋಡೋಕೆ ಒಂದು ಹೆಜ್ಜೆ ಹಿಂದೆ. ಆದ್ರೆ ತಂತಿ ಇದ್ದಿದ್ರಿಂದ ರೆಕ್ಕೆ ತೆಳುವಾಗಿ, ಗಟ್ಟಿಯಾಗಿ ಮಾಡೋಕಾಯ್ತು. 1927ರಲ್ಲಿ ವೆನಿಸ್‌ನಲ್ಲಿ ಅದು ಗಂಟೆಗೆ ಸುಮಾರು 453 ಕಿ.ಮೀ. ವೇಗದಲ್ಲಿ ಗೆದ್ದಿತು.

ಭಾಗ 3

ಇನ್ನೊಂದು ತಲೆನೋವು ಬಿಸಿ. ಎಂಜಿನ್ ತಣ್ಣಗಿಡೋಕೆ ರೇಡಿಯೇಟರ್ ಬೇಕು. ಅದನ್ನ ಗಾಳಿಗೆ ಅಡ್ಡ ಇಟ್ರೆ ವೇಗ ಹೋಯ್ತು. ಹಾಗಾಗಿ ರೆಕ್ಕೆಯ ಚರ್ಮವನ್ನೇ ರೇಡಿಯೇಟರ್ ಮಾಡಿದ್ರು. ಎರಡು ತೆಳು ಲೋಹದ ಹಾಳೆ, ನಡುವೆ ಹರಿಯೋ ಬಿಸಿನೀರು. ಮುಂದೆ ಬಂದ ಎಸ್.6ಬಿಯಲ್ಲಿ ಅದೂ ಸಾಲದೆ ಫ್ಲೋಟ್‌ಗಳ ಮೇಲ್ಭಾಗವೂ ರೇಡಿಯೇಟರ್ ಆಯ್ತು. ಎಣ್ಣೆ ತಣಿಯೋಕೆ ವಿಮಾನದ ಪಕ್ಕೆಗಳುದ್ದಕ್ಕೂ ಕಾಲುವೆ, ಬಾಲದ ರೆಕ್ಕೆಯೊಳಗೆ ಎಣ್ಣೆಯ ಟ್ಯಾಂಕ್. ಇಂಧನ ಫ್ಲೋಟ್‌ಗಳ ಒಳಗೆ. ಸುಮ್ಮನೆ ಇರೋ ಜಾಗ ಅಂತ ಒಂದಿಂಚೂ ಬಿಟ್ಟಿಲ್ಲ.

ಫ್ಲೋಟ್‌ನ ಇಂಧನದಲ್ಲೂ ಒಂದು ಜಾಣತನ ಇದೆ. ದೊಡ್ಡ ಪ್ರೊಪೆಲ್ಲರ್ ಒಂದು ಕಡೆ ತಿರುಗಿದ್ರೆ ವಿಮಾನ ಇನ್ನೊಂದು ಕಡೆ ವಾಲುತ್ತೆ. ಹೊರಡುವಾಗ ಎಡ ಫ್ಲೋಟ್ ನೀರಿಗೆ ಒತ್ತಿಕೊಳ್ತಿತ್ತು. ಅದಕ್ಕೇ ಎಸ್.5ರಲ್ಲಿ ಇಂಧನವನ್ನೆಲ್ಲ ಬಲ ಫ್ಲೋಟ್‌ಗೇ ತುಂಬಿದ್ರು. ತಕ್ಕಡಿಯ ಲೆಕ್ಕ!

1929ರಲ್ಲಿ ಇಂಗ್ಲೆಂಡಿನ ಸಾಲೆಂಟ್ ಜಲಸಂಧಿಯ ಮೇಲೆ ರೇಸ್. ವಿಮಾನ ಎಸ್.6, ಒಳಗೆ ರೋಲ್ಸ್-ರಾಯ್ಸ್ ‘ಆರ್’ ಎಂಜಿನ್, ಸುಮಾರು 1900 ಅಶ್ವಶಕ್ತಿ. ಪೈಲಟ್ ವ್ಯಾಗ್‌ಹಾರ್ನ್ ಸುತ್ತುಗಳ ಎಣಿಕೆ ತಪ್ಪಿದ. ಇನ್ನೂ ಒಂದು ಸುತ್ತು ಬಾಕಿ ಇದೆ ಅಂದುಕೊಂಡಿರುವಾಗಲೇ ಇಂಧನ ಖಾಲಿ. ಸೋತೆ ಅಂತ ಬೇಜಾರಲ್ಲಿ ನೀರಿಗಿಳಿದ. ನೋಡಿದ್ರೆ ರೇಸ್ ಆಗಲೇ ಮುಗಿದಿತ್ತು, ಗೆದ್ದವನು ಅವನೇ.

ಭಾಗ 4

ಬ್ರಿಟನ್‌ಗೆ ಎರಡು ಗೆಲುವಾಯ್ತು, ಇನ್ನೊಂದು ಸಿಕ್ಕರೆ ಟ್ರೋಫಿ ಶಾಶ್ವತ. ಆದರೆ ಆರ್ಥಿಕ ಕುಸಿತದ ಕಾಲ, ಸರ್ಕಾರ ದುಡ್ಡು ಕೊಡಲ್ಲ ಅಂತು. ನಾನು ಖಜಾನೆಯಲ್ಲಿ ಕೂತಿದ್ರೂ ಅದನ್ನೇ ಹೇಳ್ತಿದ್ದೆ. ಜನ ಕೆಲಸ ಕಳ್ಕೊಂಡು ಕೂತಿರುವಾಗ ರೇಸ್ ಯಾಕೆ? ಆಗ ಲೇಡಿ ಹೂಸ್ಟನ್ ಅಂತ ಒಬ್ಬ ಶ್ರೀಮಂತ ವಿಧವೆ, ಆ ಸರ್ಕಾರವನ್ನ ಕಂಡ್ರೆ ಆಗದವಳು, 1,00,000 ಪೌಂಡ್ ಕೊಟ್ಟಳು. ಹೊಸದಾಗಿ ವಿನ್ಯಾಸ ಮಾಡೋಕೆ ಸಮಯ ಇರಲಿಲ್ಲ. ಹಳೇ ಎಸ್.6ರ ವಿನ್ಯಾಸವನ್ನೇ ತಿದ್ದಿ ಎಸ್.6ಬಿ ಮಾಡಿ, ಎಂಜಿನ್‌ನ ಶಕ್ತಿಯನ್ನ ಸುಮಾರು 2350 ಅಶ್ವಶಕ್ತಿಗೆ ಏರಿಸಿದ್ರು.

ಅತ್ತ ಇಟಲಿಯ ಮಾರಿಯೋ ಕಾಸ್ಟೋಲ್ಡಿ ಇನ್ನೂ ದೊಡ್ಡ ಸಾಹಸಕ್ಕೆ ಕೈ ಹಾಕಿದ್ದ. ಅವನ ಮಾಕಿ ಎಂ.ಸಿ.72ರಲ್ಲಿ ಒಂದರ ಹಿಂದೆ ಒಂದು ಎರಡು ಎಂಜಿನ್, ಒಟ್ಟು 24 ಸಿಲಿಂಡರ್. ಮುಂದೆ ಎರಡು ಪ್ರೊಪೆಲ್ಲರ್, ಒಂದಕ್ಕೊಂದು ವಿರುದ್ಧ ತಿರುಗುವಂಥವು. ವಾಲುವ ಸಮಸ್ಯೆ ಅಲ್ಲಿಗೇ ಮುಗೀತು, ತಕ್ಕಡಿ ಲೆಕ್ಕವೇ ಬೇಡ. ಆದ್ರೆ ನೆಲದ ಮೇಲೆ ಚೆನ್ನಾಗಿ ಓಡ್ತಿದ್ದ ಎಂಜಿನ್ ಆಕಾಶದಲ್ಲಿ ಬ್ಯಾಕ್‌ಫೈರ್ ಆಗ್ತಿತ್ತು. 1931ರ ಆಗಸ್ಟ್‌ನಲ್ಲಿ ಪೈಲಟ್ ಜೊವಾನ್ನಿ ಮೋಂಟಿ ಆ ವಿಮಾನದಲ್ಲೇ ಸತ್ತ. ಇಟಲಿ, ಫ್ರಾನ್ಸ್ ಎರಡೂ ರೇಸ್ ಮುಂದೂಡಿ ಅಂತ ಕೇಳಿದ್ವು. ಬ್ರಿಟನ್ ಒಪ್ಪಲಿಲ್ಲ.

ಹೀಗೆ 1931ರ ಸೆಪ್ಟೆಂಬರ್ 13ರಂದು ಬೂತ್‌ಮನ್ ಒಬ್ಬನೇ ಹಾರಿದ, ಗಂಟೆಗೆ ಸುಮಾರು 547 ಕಿ.ಮೀ. ಎದುರಾಳಿ ಇಲ್ಲ, ಆದ್ರೂ ಟ್ರೋಫಿ ಬ್ರಿಟನ್‌ಗೆ. 1923ರ ಗೆಲುವಿನ ಮರುವರ್ಷ ಎದುರಾಳಿಗಳೇ ಬರದಿದ್ದಾಗ ಅಮೆರಿಕ ಒಬ್ಬಂಟಿಯಾಗಿ ಗೆಲ್ಲೋದು ಬೇಡ ಅಂತ 1924ರ ರೇಸನ್ನೇ ಬಿಟ್ಟಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದೇ ತಿಂಗಳು 29ರಂದು ಸ್ಟೇನ್‌ಫೋರ್ತ್ ಎಸ್.6ಬಿಯನ್ನ 655 ಕಿ.ಮೀ. ವೇಗಕ್ಕೆ ಒಯ್ದ, ಅದು ಮಾತ್ರ ಯಾರೂ ಪ್ರಶ್ನಿಸೋಕಾಗದ ದಾಖಲೆ.

“ಸ್ಪಿಟ್‌ಫೈರ್ ಇದರಿಂದಲೇ ಹುಟ್ಟಿದ್ದು” ಅಂತ ರೀಲ್ಸ್‌ನಲ್ಲೆಲ್ಲ ಹೇಳ್ತಾರೆ. ಮಿಚೆಲ್‌ನದ್ದೇ ವಿನ್ಯಾಸ, ಸರಿ. ಆದರೆ ಅದು ಎಸ್.6ಬಿಗೆ ಚಕ್ರ ಹಾಕಿದ ವಿಮಾನ ಅಲ್ಲ, ಅದರ ಮರ್ಲಿನ್ ಎಂಜಿನ್ನೂ ‘ಆರ್’ಗಿಂತ ಚಿಕ್ಕದು, ಬೇರೆಯದು. ಉಳಿದದ್ದು ಬಿಸಿ, ಇಂಧನ, ಸೂಪರ್‌ಚಾರ್ಜರ್ ಬಗ್ಗೆ ಕಲಿತ ಪಾಠ.

ಇಟಲಿಯವರು ರೇಸ್ ಮುಗಿದ ಮೇಲೂ ಬಿಡಲಿಲ್ಲ. ಬ್ಯಾಕ್‌ಫೈರ್ ಸರಿ ಮಾಡಿದ್ರು, ಅದಕ್ಕೆ ನೆರವಾದವನು ಬ್ರಿಟನ್ನಿನ ಇಂಧನ ತಜ್ಞ ರಾಡ್ ಬ್ಯಾಂಕ್ಸ್, ‘ಆರ್’ ಎಂಜಿನ್‌ಗೆ ಇಂಧನ ಮಿಶ್ರಣ ಮಾಡಿಕೊಟ್ಟವನೇ! 1934ರ ಅಕ್ಟೋಬರ್ 23ರಂದು ಗಾರ್ದಾ ಸರೋವರದ ಮೇಲೆ ಫ್ರಾಂಚೆಸ್ಕೊ ಅಜೆಲ್ಲೊ ಗಂಟೆಗೆ 709 ಕಿ.ಮೀ. ಮುಟ್ಟಿದ. ಪಿಸ್ಟನ್ ಎಂಜಿನ್‌ನ ಸೀಪ್ಲೇನ್‌ಗಳಲ್ಲಿ ಆ ದಾಖಲೆಯನ್ನ ಇವತ್ತಿಗೂ ಯಾರೂ ಮುರಿದಿಲ್ಲ. ಟ್ರೋಫಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಕೊನೇ ಫೋಟೋದ ಆ ಕೆಂಪು ವಿಮಾನ ಇಟಲಿಯ ವಿನ್ಯಾ ದಿ ವಾಲೆ ಮ್ಯೂಸಿಯಂನಲ್ಲಿ ನಿಂತಿದೆ.