ಸೆಲ್ಫ್ ಯಾಕೆ ತಗೊಳ್ಳಲ್ಲ? ಹಾನುಬಾಳಿನ ಮಳೆ, ಶೆಡ್‌ನಲ್ಲಿ ನಿಂತ ಸ್ಪೋರ್ಟ್ಸ್ ಕಾರು ಮತ್ತು 1859ರ ಬ್ಯಾಟರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನ ಒಂದೇ ಒಂದು ಪದದಿಂದ ಶುರು ಮಾಡ್ತೀನಿ: ‘ಸೆಲ್ಫ್’. ‘ಗಾಡಿ ಸೆಲ್ಫ್ ತಗೊಳ್ತಿಲ್ಲ ಮಾರಾಯ’ ಅಂತ ನಾವೆಲ್ಲ ಒಂದಲ್ಲ ಒಂದು ಸಲ ಹೇಳಿರ್ತೀವಿ. ಈ ಪದ ಬಂದದ್ದು ‘ಸೆಲ್ಫ್ ಸ್ಟಾರ್ಟರ್’ನಿಂದ. ಅಂದ್ರೆ ಯಾರೂ ಕೈಯಿಂದ ತಿರುಗಿಸದೆ ತಾನೇ ಶುರುವಾಗುವ ಎಂಜಿನ್. ಆದರೆ ತಾನೇ ಶುರುವಾಗೋಕೆ ಅದಕ್ಕೊಂದು ಬ್ಯಾಟರಿ ಬೇಕು, ಆ ಬ್ಯಾಟರಿ ಜೀವಂತ ಇರಬೇಕು. ಇವತ್ತಿನ ಕಥೆ ಅದೇ.

ಈ ಕಥೆಗೆ ಸರಿಯಾದ ಜಾಗ ಸಕಲೇಶಪುರ ತಾಲ್ಲೂಕಿನ ಹಾನುಬಾಳು. ಕಾಫಿ ತೋಟಗಳ ಹೋಬಳಿ. ಇಲ್ಲಿ ಆರಿದ್ರ ಮಳೆ ಹಿಡಿದ್ರೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯೋವರೆಗೂ ಬಿಡುವಿಲ್ಲ. ತೋಟದ ಮಣ್ಣಿನ ದಾರಿ ಕೆಸರಾಗುತ್ತೆ. ಜೀಪು ಹೋಗುತ್ತೆ, ನೆಲಕ್ಕೆ ಅಂಟಿಕೊಂಡಂತಿರೋ ಸ್ಪೋರ್ಟ್ಸ್ ಕಾರು ಹೋಗಲ್ಲ. ಹಾಗಾಗಿ ಬೆಂಗಳೂರಿಂದ ಆಸೆಪಟ್ಟು ತಂದ ಕಾರು ಜೂನ್‌ನಲ್ಲಿ ಕವರ್ ಹೊದ್ದು ಶೆಡ್ ಸೇರುತ್ತೆ. ಗೌರಿ ಹಬ್ಬಕ್ಕೆ ಹೊರಗೆ ತೆಗೆಯೋಣ ಅಂತ ಬಟನ್ ಒತ್ತಿದ್ರೆ ‘ಟಿಕ್’ ಅನ್ನುತ್ತೆ, ಅಷ್ಟೇ. ಮಳೆ ಕೊಂದಿತು ಅಂತ ಎಲ್ಲರೂ ಮಳೆಯನ್ನ ಬಯ್ತಾರೆ. ನಿಜವಾದ ಕಾರಣ ಬೇರೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನ ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಅದ್ದಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಮಾಡಿದ. 1881ರಲ್ಲಿ ಕಮೀಲ್ ಫೋರ್ ಆ ಹಾಳೆಗಳಿಗೆ ಸೀಸದ ಆಕ್ಸೈಡಿನ ಲೇಪ ಹಚ್ಚಿ ಅದರ ಸಾಮರ್ಥ್ಯ ಹೆಚ್ಚಿಸಿದ. ಇವತ್ತು ನಮ್ಮ ಬಹುಪಾಲು ಪೆಟ್ರೋಲ್, ಡೀಸೆಲ್ ಕಾರುಗಳ ಬಾನೆಟ್ ಕೆಳಗೆ ಇರೋದು ಅದೇ ವಂಶದ ಕುಡಿ.

ಆದರೆ ಮೊದಮೊದಲ ಕಾರುಗಳಿಗೆ ಬ್ಯಾಟರಿ ಅನಿವಾರ್ಯ ಆಗಿರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಲ್ಲಿ ಕಿಡಿ ಕೊಡ್ತಿದ್ದದ್ದು ಎಂಜಿನ್ ಜೊತೆಗೇ ತಿರುಗುವ ಮ್ಯಾಗ್ನೆಟೊ. ಮುಂದೆ ನಿಂತು ಹ್ಯಾಂಡಲ್ ಹೊಡೆದ್ರೆ ಸಾಕಿತ್ತು. ಹ್ಯಾಂಡಲ್ ತಿರುಗಿ ಹೊಡೆದು ಮಣಿಕಟ್ಟು ಮುರ್ಕೊಂಡವರು ಕಡಿಮೆ ಏನಿರಲಿಲ್ಲ. ಈ ಕಾಟ ತಪ್ಪಿಸಿದ್ದು ಚಾರ್ಲ್ಸ್ ಕೆಟರಿಂಗ್. ಅವನ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಲ್ಲಿ ಬಂತು. ಕೈ ಉಳಿಯಿತು. ಬದಲಿಗೆ ಕಾರು ಪೂರ್ತಿ ಬ್ಯಾಟರಿಯ ಕೈಗೆ ಸಿಕ್ಕಿತು.

ನಮ್ಮ ಮಲೆನಾಡಿನ ತೋಟಗಳಲ್ಲಿ ಇದಕ್ಕೊಂದು ಉಪಾಯ ಇತ್ತು. ಮಹೀಂದ್ರ 1947ರ ಹೊತ್ತಿಗೆ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡಿದ ಮೇಲೆ ತೋಟದ ಜೀಪು ಅನ್ನೋದು ಮನೆ ಸದಸ್ಯನ ಹಾಗೆ ಆಯ್ತು. ಹಳೇ ಡ್ರೈವರಣ್ಣಂದಿರು ರಾತ್ರಿ ಜೀಪನ್ನ ಇಳಿಜಾರಿನಲ್ಲೇ ನಿಲ್ಲಿಸ್ತಾರೆ, ಚಕ್ರಕ್ಕೊಂದು ಕಲ್ಲು ಕೊಡ್ತಾರೆ. ಬೆಳಿಗ್ಗೆ ಬ್ಯಾಟರಿ ಡೌನ್ ಆಗಿದ್ರೂ ಕಲ್ಲು ತೆಗೆದು, ಎರಡನೇ ಗೇರ್ ಹಾಕಿ, ಕ್ಲಚ್ ಬಿಟ್ರೆ ಎಂಜಿನ್ ಎದ್ದು ಕೂರುತ್ತೆ. ಗುಡ್ಡವೇ ಇವರ ಸೆಲ್ಫ್! ಆದರೆ ಈಗಿನ ಬಹಳಷ್ಟು ಸ್ಪೋರ್ಟ್ಸ್ ಕಾರುಗಳಲ್ಲಿ ಇರೋದು ಆಟೊಮ್ಯಾಟಿಕ್ ಅಥವಾ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಇವನ್ನ ತಳ್ಳಿ ಸ್ಟಾರ್ಟ್ ಮಾಡೋಕೆ ಆಗಲ್ಲ. ಪ್ರತಿಯೊಂದು ಅನುಕೂಲ ಬಂದಾಗಲೂ ಒಂದು ಹಳೇ ದಾರಿ ಮುಚ್ಚಿದೆ. ಈ ಇತಿಹಾಸದಲ್ಲಿ ನನ್ನನ್ನ ಹೆಚ್ಚು ಕಾಡೋದು ಇದೇ. ಮಳೆಗಾಲದ ರಾತ್ರಿ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ, ಮನೇಲಿ ಯಾರಿಗೋ ಎದೆನೋವು, ಜೀಪು ಬೇರೆಲ್ಲೋ ಹೋಗಿದೆ. ಆಗ ಶೆಡ್‌ನಲ್ಲಿರೋ ದುಬಾರಿ ಕಾರು ಎದ್ದೇಳುತ್ತೋ ಇಲ್ವೋ ಅನ್ನೋದು ಶೋಕಿಯ ಪ್ರಶ್ನೆ ಅಲ್ಲ.

ಸರಿ, ನಿಂತ ಕಾರಿನ ಬ್ಯಾಟರಿ ಯಾಕೆ ಖಾಲಿಯಾಗುತ್ತೆ? ಕಾರು ಮಲಗಿದ್ರೂ ಅದರ ಅಲಾರ್ಮ್, ರಿಮೋಟ್ ರಿಸೀವರ್, ಕಂಪ್ಯೂಟರ್‌ಗಳು ಪೂರ್ತಿ ಮಲಗಲ್ಲ. ಒಟ್ಟು ಬರೀ 30 ಮಿಲಿ ಆಂಪ್ ಎಳೀತಿವೆ ಅಂತ ಇಟ್ಕೊಳ್ಳಿ. ದಿನಕ್ಕೆ 0.72 ಆಂಪ್-ಅವರ್ ಆಯ್ತು. 60 ದಿನಕ್ಕೆ 43. ನಿಮ್ಮದು 45 ಆಂಪ್-ಅವರ್ ಬ್ಯಾಟರಿಯಾದ್ರೆ ಎರಡು ತಿಂಗಳಿಗೆ ಲೆಕ್ಕ ಚುಕ್ತಾ! ಖಾಲಿಯಾದ ಬ್ಯಾಟರಿಯ ಪ್ಲೇಟ್ ಮೇಲೆ ಸೀಸದ ಸಲ್ಫೇಟ್ ಕೂತಿರುತ್ತೆ. ಬೇಗ ಚಾರ್ಜ್ ಮಾಡಿದ್ರೆ ಅದು ಕರಗುತ್ತೆ. ವಾರಗಟ್ಟಲೆ ಬಿಟ್ರೆ ಗಟ್ಟಿ ಹರಳಾಗುತ್ತೆ, ಆಮೇಲೆ ಚಾರ್ಜರ್ ಹಾಕಿದ್ರೂ ಹಳೇ ಶಕ್ತಿ ವಾಪಸ್ ಬರಲ್ಲ.

‘ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ರೆ ಆಯ್ತಲ್ಲ?’ ಅಂತ ಕೇಳ್ತೀರಿ. ಲೆಕ್ಕ ನೋಡಿ. ವಾರದ ಖರ್ಚು 5 ಆಂಪ್-ಅವರ್. ಹತ್ತು ನಿಮಿಷದಲ್ಲಿ 10 ಆಂಪ್ ಒಳಗೆ ಹೋದ್ರೂ ಸಿಗೋದು 1.7 ಮಾತ್ರ. ಜೊತೆಗೆ ಸರಿಯಾಗಿ ಬಿಸಿಯಾಗದ ಎಂಜಿನ್ನಲ್ಲಿ, ಸೈಲೆನ್ಸರಲ್ಲಿ ನೀರಿನ ಪಸೆ ನಿಲ್ಲುತ್ತೆ.

ಪರಿಹಾರ ಹಳೇದೇ. ಕರೆಂಟ್ ಹೋದ್ರೂ ಲ್ಯಾಂಡ್‌ಲೈನ್ ಫೋನ್ ರಿಂಗ್ ಆಗ್ತಿತ್ತು ಅಂತ ಮನೇಲಿ ಹಿರಿಯರನ್ನ ಕೇಳಿ ನೋಡಿ, ಹೌದು ಅಂತಾರೆ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಸಾಲು ಸಾಲು ಸೀಸದ ಬ್ಯಾಟರಿಗಳಿಗೆ ಸದಾ ಸಣ್ಣಗೆ ಚಾರ್ಜ್ ಹೋಗ್ತಿರುತ್ತೆ. ಸೋರಿದಷ್ಟೇ ತುಂಬೋದು, ಅದಕ್ಕಿಂತ ಹೆಚ್ಚಿಲ್ಲ. ಈಗ ಬರೋ ಬ್ಯಾಟರಿ ಮೇಂಟೇನರ್ ಇದೇ ಕೆಲಸ ಮಾಡೋ ಸಣ್ಣ ಡಬ್ಬಿ. ಮೊದಲು 14.4 ವೋಲ್ಟ್ ಹತ್ತಿರ ತುಂಬಿಸಿ, ಆಮೇಲೆ 13.5 ಆಸುಪಾಸಿಗೆ ಇಳಿದು ಕಾಯುತ್ತೆ. ಹಳೇ ಮಾದರಿಯ ಸಾದಾ ಚಾರ್ಜರನ್ನ ತಿಂಗಳುಗಟ್ಟಲೆ ಹಾಕಿಟ್ರೆ ಮಾತ್ರ ಬ್ಯಾಟರಿ ನೀರು ಕುದ್ದು ಬತ್ತಿ ಹೋಗುತ್ತೆ.

ಲಿಥಿಯಂ ಬ್ಯಾಟರಿ ಇದ್ರೆ ಅದಕ್ಕೆ ಹೊಂದೋ ಚಾರ್ಜರೇ ಬೇಕು. ಪೋರ್ಷೆ 2009ರ ಕೊನೆಯಲ್ಲಿ 911 ಜಿಟಿ3ಯಂಥ ಕಾರುಗಳಿಗೆ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಘೋಷಿಸಿತು. ತೂಕ 6 ಕಿಲೋ ಒಳಗೆ, ಸೀಸದ್ದಕ್ಕಿಂತ 10 ಕಿಲೋಗೂ ಹೆಚ್ಚು ಹಗುರ. ಆದರೂ ಚಳಿಗಿರಲಿ ಅಂತ ಸೀಸದ ಬ್ಯಾಟರಿಯನ್ನೂ ಜೊತೆಗೇ ಕೊಟ್ಟಿತು! ಇನ್ನೊಂದು ತಮಾಷೆ ಕೇಳಿ: ಕೆಲವು 911 ಮಾಡೆಲ್‌ಗಳಲ್ಲಿ ಬ್ಯಾಟರಿ ಇರೋದು ಮುಂದಿನ ಡಿಕ್ಕಿಯಲ್ಲಿ, ಆ ಡಿಕ್ಕಿ ತೆಗೆಯೋಕೆ ಕರೆಂಟ್ ಬೇಕು. ಬ್ಯಾಟರಿ ಸತ್ರೆ ಫ್ಯೂಸ್ ಬಾಕ್ಸಲ್ಲಿರೋ ತುರ್ತು ಟರ್ಮಿನಲ್‌ಗೆ ಹೊರಗಿಂದ 12 ವೋಲ್ಟ್ ಕೊಟ್ಟು ಬಾಗಿಲು ತೆಗೀಬೇಕು.

ಈಗ ಹಾನುಬಾಳಿನ ಕಷ್ಟಕ್ಕೆ ಬರೋಣ. ಮೇಂಟೇನರ್‌ಗೆ ಮನೆ ಕರೆಂಟ್ ಬೇಕು. ಮರ ಬಿದ್ದು ಲೈನ್ ಹೋದ್ರೆ ಇಲ್ಲಿ ದಿನಗಟ್ಟಲೆ ಕತ್ತಲೆ. ಮೋಡದ ಕೆಳಗೆ ಸಣ್ಣ ಸೋಲಾರ್ ಪ್ಯಾನಲ್ಲಿಂದಲೂ ಹೆಚ್ಚು ಸಿಗಲ್ಲ. ಒಂದೆರಡು ದಿನದ ಕತ್ತಲೆಗೆ ಹೆದರಬೇಡಿ, ಮತ್ತೆ ಕರೆಂಟ್ ಬಂದಾಗ ತುಂಬುತ್ತೆ. ಗುಡುಗು ಸಿಡಿಲಿನ ದಿನ ಮಾತ್ರ ಪ್ಲಗ್ ಕಿತ್ತಿಡಿ. ಕರೆಂಟನ್ನ ನಂಬೋಕಾಗಲ್ಲ ಅಂದ್ರೆ, ಪೂರ್ತಿ ಚಾರ್ಜ್ ಮಾಡಿ ಮೈನಸ್ ಟರ್ಮಿನಲ್ ಬಿಚ್ಚಿಡಿ. ಕಾರಿನ ಪುಸ್ತಕ ಓದಿಕೊಂಡು ಬಿಚ್ಚಿ, ಗಡಿಯಾರ, ಕಿಟಕಿಗಳನ್ನ ಮತ್ತೆ ಸೆಟ್ ಮಾಡಬೇಕಾಗಬಹುದು. ಬಿಚ್ಚಿಟ್ಟ ಒಳ್ಳೇ ಬ್ಯಾಟರಿ ಮಲೆನಾಡಿನ ತಂಪಲ್ಲಿ ತಿಂಗಳಿಗೆ ಕಳ್ಕೊಳ್ಳೋದು ಬಹಳ ಕಡಿಮೆ. ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡಿ: 12.6 ವೋಲ್ಟ್ ಇದ್ರೆ ಫುಲ್, 12.4ಕ್ಕಿಂತ ಇಳಿದ್ರೆ ಚಾರ್ಜ್ ಮಾಡಿ, 12ಕ್ಕೆ ಬಂದ್ರೆ ತಡ ಮಾಡಬೇಡಿ.

ಹೀಗೆ ನೋಡ್ಕೊಂಡ್ರೆ ಉಳಿಯೋದು ದುಡ್ಡೊಂದೇ ಅಲ್ಲ. ಸತ್ತ ಬ್ಯಾಟರಿಯೊಳಗೆ ಕಿಲೋಗಟ್ಟಲೆ ಸೀಸ ಇದೆ. ಅದು ತೋಟದ ಮಣ್ಣಿಗೆ, ಹೇಮಾವತಿಗೆ ಸೇರುವ ಹಳ್ಳಕ್ಕೆ ಹೋಗಬಾರದು. 2001ರ ನಿಯಮ, ಅದರ ಜಾಗಕ್ಕೆ ಬಂದ 2022ರ ನಿಯಮ ಎರಡೂ ಇದಕ್ಕಾಗಿಯೇ ಬಂದವು. ಹಳೇದನ್ನ ಅಂಗಡಿಗೆ ವಾಪಸ್ ಕೊಟ್ಟೇ ಹೊಸದು ತಗೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಷ್ಟರಲ್ಲಿ ನಿಮ್ಮ ಮನೆ ಶೆಡ್‌ನಲ್ಲಿ ನಿಂತಿರೋ ಗಾಡಿಗೆ ಒಮ್ಮೆ ಮೀಟರ್ ಹಿಡಿದು ನೋಡಿ.