ಯೆರವಡಾ ಒಪ್ಪಂದ ಮತ್ತು ಕಲ್ಯಾಣ ಕರ್ನಾಟಕದ ಸಂಸದೀಯ ದನಿ

ಯೆರವಡಾ ಪುಣೆ ನಗರದಲ್ಲಿ ಮುಳಾ–ಮುಠಾ ನದಿಯ ಆಚೆ ದಡಕ್ಕಿರುವ ಬಡಾವಣೆ. ಅಲ್ಲಿನ ಕೇಂದ್ರ ಕಾರಾಗೃಹದಿಂದ ದೇಶಕ್ಕೆಲ್ಲ ಪರಿಚಿತವಾದ ಹೆಸರು. ಪುಣೆ ಒಪ್ಪಂದವೆಂದೂ ಕರೆಯುವ ಯೆರವಡಾ ಒಪ್ಪಂದ 1932ರ ಸೆಪ್ಟೆಂಬರ್ 24ರಂದು ರೂಪುಗೊಂಡದ್ದು ಈ ಜೈಲಿನಲ್ಲಿ. ಇದನ್ನು ಗಾಂಧಿ ಮತ್ತು ಅಂಬೇಡ್ಕರರ ನಡುವಿನ ಜಾತಿಪ್ರಶ್ನೆಯ ಒಪ್ಪಂದವೆಂದು ಮಾತ್ರ ಓದುವುದು ವಾಡಿಕೆ. ಆದರೆ ಶಾಸನಸಭೆಯಲ್ಲಿ ಎದ್ದು ನಿಂತ ಸದಸ್ಯ ಯಾರ ಪರವಾಗಿ ಮಾತಾಡಬೇಕು ಎಂಬುದನ್ನೂ ಅದು ಬಹುಮಟ್ಟಿಗೆ ತೀರ್ಮಾನಿಸಿತು. ಮೀಸಲು ಕ್ಷೇತ್ರದ ಪ್ರತಿನಿಧಿ ತನ್ನ ಸಮುದಾಯಕ್ಕಿಂತ ಮೊದಲು ತನ್ನ ಸೀಮೆಯ ವಕೀಲನಾಗಬೇಕಾದ ಒತ್ತಡ ಆ ಒಪ್ಪಂದದ ರಚನೆಯಲ್ಲೇ ಇತ್ತು. ಎಂಬತ್ತು ವರ್ಷಗಳ ನಂತರ ಹೈದರಾಬಾದ್ ಕರ್ನಾಟಕಕ್ಕೆ, ಅಂದರೆ ಇಂದಿನ ಕಲ್ಯಾಣ ಕರ್ನಾಟಕಕ್ಕೆ, ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿ ದೊರೆತ ಸಂದರ್ಭ ಅದಕ್ಕೆ ಸಾಕ್ಷಿ.

1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಕಟಿಸಿದ ಕೋಮುವಾರು ತೀರ್ಪು, ಅಂದು ದಲಿತ ವರ್ಗಗಳೆಂದು ಕರೆಯುತ್ತಿದ್ದ ಜನರಿಗೆ ಪ್ರಾಂತ್ಯಗಳ ಶಾಸನಸಭೆಗಳಲ್ಲಿ 71 ಸ್ಥಾನಗಳನ್ನೂ ಪ್ರತ್ಯೇಕ ಮತಕ್ಷೇತ್ರವನ್ನೂ ಕೊಟ್ಟಿತ್ತು. ಅವರ ಪ್ರತಿನಿಧಿಯನ್ನು ಅವರೇ ಆರಿಸುವರು, ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಅವರಿಗೆ ಮತವಿರುವುದು ಎಂಬ ಏರ್ಪಾಡು ಅದು. ಇದನ್ನು ವಿರೋಧಿಸಿ ಗಾಂಧಿ ಸೆಪ್ಟೆಂಬರ್ 20ರಂದು ಜೈಲಿನಲ್ಲೇ ಉಪವಾಸಕ್ಕೆ ಕೂತರು. ಜೈಲಿನ ಅಂಗಳದ ಮಾವಿನ ಮರದ ಕೆಳಗೆ ಹಾಕಿದ ಕಬ್ಬಿಣದ ಮಂಚದ ಸುತ್ತ ಮಾತುಕತೆ ನಡೆಯಿತು. ಒಬ್ಬರ ಪ್ರಾಣ ಪಣಕ್ಕಿದ್ದಾಗ ನಡೆದ ಆ ಚೌಕಾಸಿಯನ್ನು ಸಮಾನರ ನಡುವಿನ ಮುಕ್ತ ಚರ್ಚೆ ಎನ್ನುವುದು ಕಷ್ಟ. ಕೊನೆಗೆ ಸ್ಥಾನಗಳು 148ಕ್ಕೇರಿದವು, ಪ್ರತ್ಯೇಕ ಮತಕ್ಷೇತ್ರ ಹೋಯಿತು. ಅದರ ಬದಲಿಗೆ ಎರಡು ಹಂತದ ಚುನಾವಣೆ ಬಂತು: ಮೊದಲು ದಲಿತ ಮತದಾರರು ಮಾತ್ರ ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬರನ್ನು ಕ್ಷೇತ್ರದ ಎಲ್ಲ ಮತದಾರರೂ ಸೇರಿ ಗೆಲ್ಲಿಸುವುದು. ಕೇಂದ್ರ ಶಾಸನಸಭೆಯಲ್ಲಿ ಬ್ರಿಟಿಷ್ ಭಾರತದ ಸಾಮಾನ್ಯ ಸ್ಥಾನಗಳ ಶೇ 18ರಷ್ಟು ಮೀಸಲಾದವು. ಒಪ್ಪಂದಕ್ಕೆ ಅಂಬೇಡ್ಕರ್, ಮದನಮೋಹನ ಮಾಳವೀಯ ಮುಂತಾದವರ ರುಜುಗಳಿವೆ. ಗಾಂಧಿಯವರ ರುಜು ಇಲ್ಲ.

ಸ್ವತಂತ್ರ ಭಾರತದ ಸಂವಿಧಾನ ಜಂಟಿ ಮತಕ್ಷೇತ್ರವನ್ನು ಉಳಿಸಿಕೊಂಡು ಮೊದಲ ಹಂತದ ಆಯ್ಕೆಯನ್ನು ಕೈಬಿಟ್ಟಿತು. ಮೀಸಲು ಸ್ಥಾನದಲ್ಲಿ ಗೆಲ್ಲುವವರು ತಮ್ಮ ಸಮುದಾಯದ ಮತಗಳಲ್ಲಿ ಕನಿಷ್ಠ ಶೇ 35ರಷ್ಟನ್ನಾದರೂ ಪಡೆದಿರಬೇಕೆಂದು ಸಂವಿಧಾನ ಸಭೆಯಲ್ಲಿ ಎಸ್. ನಾಗಪ್ಪ ತಂದ ಸೂಚನೆಯೂ ಅಂಗೀಕಾರವಾಗಲಿಲ್ಲ. ಹೀಗಾಗಿ ಮೀಸಲು ಕ್ಷೇತ್ರದ ಅಭ್ಯರ್ಥಿಗೆ ಜಾತಿಯ ಅರ್ಹತೆ ಬೇಕು, ಗೆಲುವಿಗೆ ಮಾತ್ರ ಎಲ್ಲರ ಮತ ಬೇಕು. ಕಣದಲ್ಲಿರುವವರೆಲ್ಲ ಪರಿಶಿಷ್ಟರೇ ಆದಾಗ ಸೋಲು–ಗೆಲುವನ್ನು ನಿರ್ಧರಿಸುವವರು ಬಹುತೇಕ ಇತರ ಸಮುದಾಯಗಳ ಮತದಾರರು. ಅಂಥ ಕ್ಷೇತ್ರದಲ್ಲಿ ಬಾಳಿಕೆ ಬರಬೇಕೆಂದವನು ಎಲ್ಲರಿಗೂ ಸಮನಾಗಿ ತಟ್ಟುವ ವಿಷಯ ಹಿಡಿಯಬೇಕು. ನೀರು, ರೈಲು, ನೌಕರಿ, ಕಾಲೇಜು ಇವೆಲ್ಲ ಸೀಮೆಯ ವಿಷಯಗಳು.

ಯೆರವಡಾ ಒಪ್ಪಂದ ಬ್ರಿಟಿಷ್ ಭಾರತಕ್ಕಷ್ಟೇ ಅನ್ವಯಿಸುತ್ತಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದ 15 ಮೀಸಲು ಸ್ಥಾನಗಳ ಲೆಕ್ಕದೊಳಗೆ ಬಂದವು. ಕಲಬುರಗಿ, ಬೀದರ್, ರಾಯಚೂರು ನಿಜಾಮನ ಆಳ್ವಿಕೆಯಲ್ಲಿದ್ದುದರಿಂದ ಹೊರಗುಳಿದವು. ಆ ಭಾಗ 1948ರ ಸೆಪ್ಟೆಂಬರ್‌ನಲ್ಲಿ ಭಾರತ ಒಕ್ಕೂಟ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ನಿಜಾಮನ ರಾಜ್ಯ ಮೂರು ಹೋಳಾದಾಗ ಮೂರರ ಹಿಂದುಳಿದಿರುವಿಕೆಯೂ ಹೆಚ್ಚುಕಡಿಮೆ ಒಂದೇ ಬಗೆಯದು. ಆದರೆ ಪರಿಹಾರ ಒಂದೇ ಹೊತ್ತಿಗೆ ಬರಲಿಲ್ಲ. ಮರಾಠವಾಡಾಕ್ಕೆ ಅಭಿವೃದ್ಧಿ ಮಂಡಳಿಯ ಅವಕಾಶ 1956ರಲ್ಲೇ 371ನೇ ವಿಧಿಯೊಳಗೆ ಸೇರಿತು, ಮಂಡಳಿ ನಿಜವಾಗಿ ಕಣ್ಣು ಬಿಟ್ಟದ್ದು 1994ರಲ್ಲಾದರೂ. ತೆಲಂಗಾಣವೂ ಒಳಗೊಂಡ ಆಂಧ್ರಪ್ರದೇಶಕ್ಕೆ 1973ರ 32ನೇ ತಿದ್ದುಪಡಿಯಿಂದ 371(ಡಿ) ಬಂತು. ಕನ್ನಡದ ಹೋಳಿಗೆ ಏನೂ ಇರಲಿಲ್ಲ. ಏಕೀಕರಣದ ಉತ್ಸಾಹದಲ್ಲಿ ಪ್ರತ್ಯೇಕ ಪಾಲು ಕೇಳುವುದು ಕನ್ನಡನಾಡಿನ ಒಗ್ಗಟ್ಟಿಗೆ ಅಪಚಾರವೆಂಬಂತೆ ಕಂಡಿದ್ದು ಇದಕ್ಕೊಂದು ಕಾರಣವಿರಬೇಕು. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗವೊಂದರಲ್ಲೇ ಇದ್ದವು. ಬಿತ್ತನೆ ಮುಗಿದ ಮೇಲೆ ಊರಿಗೆ ಊರೇ ಗುಳೆ ಹೋಗುವ ತಾಲ್ಲೂಕುಗಳಿವು. ಗುಳೆ ಹೋದವರು ಇಟ್ಟಿಗೆ, ಸಿಮೆಂಟು ಹೊರುವುದು ಮುಂಬಯಿ, ಹೈದರಾಬಾದ್‌ಗಳಲ್ಲಿ, ಪುಣೆಯಲ್ಲಿ ಕೂಡ.

ಈ ಸೀಮೆಯ ದನಿಯನ್ನು ದೆಹಲಿಗೆ ಒಯ್ದ ಕಾಂಗ್ರೆಸ್ ನಾಯಕ ಮಲ್ಲಿಕಾರ್ಜುನ ಖರ್ಗೆ ಹುಟ್ಟಿದ್ದು 1942ರಲ್ಲಿ, ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಕಲಬುರಗಿಯಲ್ಲಿ ಕಾನೂನು ಓದಿ, ಎಂಎಸ್‌ಕೆ ಮಿಲ್ಲಿನ ಕಾರ್ಮಿಕರ ಪರ ಕೆಲಸ ಮಾಡಿ, 1972ರಲ್ಲಿ ಗುರುಮಠಕಲ್‌ನಿಂದ ವಿಧಾನಸಭೆಗೆ ಬಂದರು. ಅಲ್ಲಿಂದ ಎಂಟು ಸಲ, ಚಿತ್ತಾಪುರದಿಂದ ಒಂದು ಸಲ ಗೆದ್ದರು. ಕ್ಷೇತ್ರ ಪುನರ್ವಿಂಗಡಣೆಯಿಂದ ಕಲಬುರಗಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ 2009ರಲ್ಲಿ ಸಂಸತ್ತಿಗೆ ಹೋದರು. ಅದೇ ಪುನರ್ವಿಂಗಡಣೆಯಲ್ಲಿ ರಾಯಚೂರು, ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಈ ಸೀಮೆಯ ಐದು ಲೋಕಸಭಾ ಸ್ಥಾನಗಳಲ್ಲಿ ಮೂರು ಮೀಸಲು, ಬೀದರ್ ಮತ್ತು ಕೊಪ್ಪಳ ಮಾತ್ರ ಸಾಮಾನ್ಯ. ಪಂಗಡಗಳ ಮೀಸಲಾತಿ ಯೆರವಡಾದ್ದಲ್ಲ, ಸಂವಿಧಾನದ್ದು. ಆದರೂ ಜಂಟಿ ಮತದ ನಿಯಮ ಎರಡಕ್ಕೂ ಒಂದೇ. ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಬೇಕೆಂಬ 118ನೇ ತಿದ್ದುಪಡಿ ಮಸೂದೆ 2012ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದಾಗ ಖರ್ಗೆ ಕೇಂದ್ರದ ಕಾರ್ಮಿಕ ಸಚಿವರು. ಮಸೂದೆಯ ಹೊಣೆ ಹೊತ್ತ ಗೃಹ ಸಚಿವ ಸುಶೀಲ್‌ಕುಮಾರ್ ಶಿಂದೆ ಪಕ್ಕದ ಸೊಲ್ಲಾಪುರದ ಸಂಸದರು. ಅದೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವೇ. ಡಿಸೆಂಬರ್‌ನಲ್ಲಿ ಎರಡೂ ಸದನಗಳ ಒಪ್ಪಿಗೆ ದೊರೆತು ಅದು ಸಂವಿಧಾನದ 98ನೇ ತಿದ್ದುಪಡಿಯಾಯಿತು. ಖರ್ಗೆ ದೆಹಲಿಯಲ್ಲಿ ವಾದಿಸುವುದು ಹೆಚ್ಚಾಗಿ ಹಿಂದಿಯಲ್ಲಿ. ಉರ್ದು ಆಡಳಿತವಿದ್ದ ನಾಡಿನವರಿಗೆ ಆ ನುಡಿ ಬಾಯಿಗೆ ಸಲೀಸು. ಈ ಅನುಕೂಲ ಮೈಸೂರು ಸೀಮೆಯ ಅನೇಕ ಸಂಸದರಿಗಿಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು ಸ್ವತಃ ಅಂಬೇಡ್ಕರರದು. ಜಂಟಿ ಮತದಿಂದ ಗೆದ್ದವನು ಬಹುಸಂಖ್ಯಾತರ ಮುಲಾಜಿಗೆ ಬೀಳುತ್ತಾನೆ, ತನ್ನವರ ನೋವನ್ನು ಗಟ್ಟಿಯಾಗಿ ಆಡಲಾರ ಎಂದು ಅವರು ಒಪ್ಪಂದದ ನಂತರದ ವರ್ಷಗಳಲ್ಲಿ ಮತ್ತೆ ಮತ್ತೆ ಬರೆದರು. 1947ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯನ್ನು ಮತ್ತೆ ಮುಂದಿಟ್ಟರು. 1952ರಲ್ಲಿ ಮುಂಬಯಿಯಲ್ಲೂ 1954ರ ಉಪಚುನಾವಣೆಯಲ್ಲಿ ಭಂಡಾರಾದಲ್ಲೂ ಅವರೇ ಸೋತದ್ದು ಆ ವಾದಕ್ಕೆ ಸಿಕ್ಕ ಕಹಿ ಪುರಾವೆ. ಪ್ರಾದೇಶಿಕ ಬೇಡಿಕೆಯ ಯಶಸ್ಸನ್ನು ತೋರಿಸಿ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಸೀಮೆಯ ಪರ ಮಾತು ಸಲೀಸಾಗಿ ಹೊರಡುವುದು, ಜಾತಿಯ ಪರ ಮಾತಿಗೆ ಬೆಲೆ ತೆರಬೇಕಾಗುವುದು ಒಂದೇ ವ್ಯವಸ್ಥೆಯ ಎರಡು ಫಲ. ಆದರೆ ಅಂಬೇಡ್ಕರರ ವಾದ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯಿದೆ. ಹಿಂದುಳಿದ ಸೀಮೆಯಲ್ಲಿ ಭೂಮಿಯಿಲ್ಲದವರಿಗೆ ಊರಿನ ಹೊರಗೆ ಸಿಗುವ ಸರ್ಕಾರಿ ನೌಕರಿ, ವೃತ್ತಿಶಿಕ್ಷಣದ ಸೀಟುಗಳೇ ಮೇಲೇಳುವ ದಾರಿ. ಅವು ಬೆಂಗಳೂರು, ಮೈಸೂರುಗಳ ಕಡೆ ಹರಿದುಹೋಗುವಾಗ ಜಾತಿ ಮೀಸಲಾತಿಯೊಂದೇ ಕಲಬುರಗಿಯ ದಲಿತ ಹುಡುಗನನ್ನು ಕಾಯಲಾರದು, ಏಕೆಂದರೆ ಆ ಮೀಸಲು ಸ್ಥಾನಕ್ಕೂ ಅನುಕೂಲವಿರುವ ಜಿಲ್ಲೆಗಳ ಪರಿಶಿಷ್ಟರೇ ಮೊದಲು ಮುಟ್ಟುತ್ತಾರೆ. ಸೀಮೆಯ ಪಾಲಿನೊಳಗೆ ಜಾತಿಯ ಪಾಲು ಸೇರಿಕೊಂಡಾಗಲೇ ಅದು ಅವನ ಕೈಗೆಟಕುವುದು. ಅಷ್ಟರ ಮಟ್ಟಿಗೆ ಸೀಮೆಯ ವಕಾಲತ್ತು ಸಮುದಾಯದ ವಕಾಲತ್ತೂ ಹೌದು.

ಎರಡನೆಯ ಆಕ್ಷೇಪ: ತಿದ್ದುಪಡಿ ಬಂದದ್ದು ಯಾರದೋ ಸಂಸತ್ತಿನ ಮಾತಿನಿಂದಲ್ಲ. ಇದರಲ್ಲಿ ಹುರುಳಿದೆ. ಮಾಜಿ ಸಚಿವ ವೈಜನಾಥ ಪಾಟೀಲರು 371ರ ಹೋರಾಟವನ್ನು ವರ್ಷಗಟ್ಟಲೆ ಬೀದಿಯಲ್ಲಿ ನಡೆಸಿದರು. ವಿಶೇಷ ಸೌಲಭ್ಯ ಬೇಕೆಂದು ರಾಜ್ಯ ವಿಧಾನಮಂಡಲದ ಎರಡೂ ಸದನಗಳು ನಿರ್ಣಯ ಮಾಡಿದ್ದವು. ಆಗ ರಾಜ್ಯದಲ್ಲಿದ್ದದ್ದು ಬಿಜೆಪಿ ಸರ್ಕಾರ, ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ. 543 ಸದಸ್ಯರ ಸದನದಲ್ಲಿ ಐದು ಸ್ಥಾನಗಳ ಸೀಮೆ ಬರೀ ಭಾಷಣದಿಂದ ಸಂವಿಧಾನ ತಿದ್ದಿಸಲಾರದು. ಆದರೆ ಬೀದಿಯ ಹೋರಾಟವೂ ವಿಧಾನಮಂಡಲದ ನಿರ್ಣಯವೂ ದೆಹಲಿಯ ಕಡತವಾಗಿ, ಕಡತ ಮಸೂದೆಯಾಗಲು ಒಳಗೊಬ್ಬರು ಹಿಡಿದು ಕೂರಬೇಕು. ಸಚಿವ ಸಂಪುಟದಲ್ಲಿ ಆ ಸೀಮೆಯ ಹಿರಿಯರೊಬ್ಬರಿದ್ದುದು ಅಲ್ಲಿ ಕೆಲಸ ಮಾಡಿತು. ಅದೇ ಅಳತೆಯನ್ನು ತಿರುಗಿಸಿ ಹಿಡಿದರೆ ಮಿತಿಯೂ ಕಾಣುತ್ತದೆ. ಖರ್ಗೆ ರೈಲ್ವೆ ಸಚಿವರಾಗಿದ್ದಾಗ ಕಲಬುರಗಿಗೆ ಘೋಷಣೆಯಾದ ಪ್ರತ್ಯೇಕ ರೈಲ್ವೆ ವಿಭಾಗ, 2014ರಲ್ಲಿ ಅವರು ಖಾತೆ ಬಿಟ್ಟ ಮೇಲೆ ನೆನೆಗುದಿಗೆ ಬಿತ್ತು. ವ್ಯಕ್ತಿಯ ಸ್ಥಾನಬಲದಿಂದ ಬಂದದ್ದು ವ್ಯಕ್ತಿಯೊಡನೆ ಹೋಗುತ್ತದೆ, ಸಂವಿಧಾನದಲ್ಲಿ ಅಚ್ಚಾದದ್ದು ನಿಲ್ಲುತ್ತದೆ. 371(ಜೆ)ಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಹಾಗೆಂದು ಮತದಾರರು ಅದಕ್ಕಾಗಿ ಋಣ ತೀರಿಸುತ್ತಲೇ ಇರಬೇಕೆಂದೇನೂ ಇಲ್ಲ: 'ಸೋಲಿಲ್ಲದ ಸರದಾರ' ಎಂದು ಕರೆಸಿಕೊಂಡಿದ್ದ ಖರ್ಗೆ 2019ರಲ್ಲಿ ಅದೇ ಕಲಬುರಗಿಯಲ್ಲಿ, ಕಾಂಗ್ರೆಸ್ ತೊರೆದು ಬಿಜೆಪಿ ಸೇರಿದ್ದ ಉಮೇಶ್ ಜಾಧವ್ ಎದುರು ಸೋತರು. 2020ರಲ್ಲಿ ರಾಜ್ಯಸಭೆಯ ಮೂಲಕ ಸಂಸತ್ತಿಗೆ ಮರಳಿದರು.

371(ಜೆ) ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಟ್ಟು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದ ನ್ಯಾಯವಾದ ಹಂಚಿಕೆ, ಆ ಪ್ರದೇಶದಲ್ಲಿ ಹುಟ್ಟಿದವರಿಗೆ ಅಥವಾ ನೆಲೆಸಿದವರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿತು. 2013ರ ರಾಜ್ಯ ಆದೇಶದ ಪ್ರಕಾರ ಪ್ರದೇಶದೊಳಗಿನ ಹುದ್ದೆಗಳಲ್ಲಿ ಬಿ ವರ್ಗದ ಶೇ 75, ಸಿ ವರ್ಗದ ಶೇ 80, ಡಿ ವರ್ಗದ ಶೇ 85 ಸ್ಥಳೀಯರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಹುಟ್ಟನ್ನೋ ನೆಲೆಯನ್ನೋ ಆಧಾರ ಮಾಡಿಕೊಂಡ ಈ ಮೀಸಲಾತಿಯ ಬಗ್ಗೆ ರಾಜ್ಯದ ಉಳಿದ ಭಾಗದ ಅಭ್ಯರ್ಥಿಗಳಿಗೆ ಅಸಮಾಧಾನವಿದೆ. ಖಾಲಿ ಹುದ್ದೆ ತುಂಬದಿದ್ದರೆ ಶೇಕಡಾವಾರು ಲೆಕ್ಕದಿಂದ ಯಾರಿಗೂ ಪ್ರಯೋಜನವಿಲ್ಲ ಎಂಬ ದೂರು ಕಲಬುರಗಿಯ ಕಡೆಯಿಂದಲೂ ಇದೆ. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾಯಿತು, ಮಂಡಳಿಯ ಹೆಸರೂ ಬದಲಾಯಿತು. ಕಾಲಮಿತಿಯ ಮಾತಿಗೆ ಬಂದರೆ, ಯೆರವಡಾದಲ್ಲಿ ಒಪ್ಪಿದ ಮೊದಲ ಹಂತದ ಆಯ್ಕೆಗೆ ಹತ್ತು ವರ್ಷದ ಗಡುವಿತ್ತು. ಸಂವಿಧಾನದ 334ನೇ ವಿಧಿ ಮೀಸಲು ಕ್ಷೇತ್ರಗಳಿಗೂ ಹತ್ತು ವರ್ಷದ ಗಡುವಿಟ್ಟು, ಹತ್ತತ್ತು ವರ್ಷ ಮುಂದೂಡುತ್ತ ಬಂದು, 104ನೇ ತಿದ್ದುಪಡಿಯ ಮೂಲಕ ಈಗ 2030ರ ಜನವರಿಗೆ ತಲುಪಿದೆ. 371(ಜೆ)ಗೆ ಅಂಥ ಗಡುವು ಇಲ್ಲ.